ಹಲ್ಲು ಹಿಡಿದು ಕೇಳಿದ ಮಾತು

ದೇಶದ ರಗ್ಬಿ ತಂಡದ ಕೋಚ್ ಅಪೇನಿಸಾ ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಚಾಪೆಯ ಮೇಲೆ ಕೂತಾಗಲೇ, ಏನು ಕೇಳಲು ಬಂದಿದ್ದಾನೆಂದು ಮನೆಯವರಿಗೆಲ್ಲ ಗೊತ್ತಾಗಿತ್ತು. ಫಿಜಿಯಲ್ಲಿ ಆ ಹಲ್ಲನ್ನು ಒಮ್ಮೆ ಕೈಗೆ ತೆಗೆದುಕೊಂಡರೆ ಮುಗಿಯಿತು, ಕೇಳಿದ್ದಕ್ಕೆ ಇಲ್ಲವೆನ್ನುವ ಹಾಗಿಲ್ಲ. ಇಡೀ ಮನೆತನ ಆ ಮಾತಿಗೆ ಕಟ್ಟುಬೀಳುತ್ತದೆ.

ಬಂದದ್ದು ಆ ಮನೆಯ ಹುಡುಗ ಸೆಕೋವೆಗಾಗಿ. ಆರು ವರ್ಷದಿಂದ ಫ್ರಾನ್ಸಿನ ಕ್ಲಬ್ಬೊಂದಕ್ಕೆ ರಗ್ಬಿ ಆಡುತ್ತಿದ್ದ ಅವನು ದೇಶದ ಪರವಾಗಿ ಎಲ್ಲೆಲ್ಲೋ ಆಡಿದ್ದ, ರಾಜಧಾನಿ ಸುವಾದಲ್ಲಿ ತನ್ನವರ ಕಣ್ಣೆದುರು ಮಾತ್ರ ಒಮ್ಮೆಯೂ ಇಲ್ಲ. ಹೊರದೇಶದಲ್ಲಿರುವವರು ಜುಲೈನ ತವರು ಪಂದ್ಯಗಳನ್ನು ಆಡದಿದ್ದರೆ ಆ ವರ್ಷವಿಡೀ ತಂಡಕ್ಕಿಲ್ಲ ಎಂದು ಫಿಜಿಯ ರಗ್ಬಿ ಮಂಡಳಿ ಹೊಸ ನಿಯಮ ಮಾಡಿತ್ತು. ಹುಡುಗ ದಣಿದಿದ್ದಾನೆ, ಆಡಿಸಬೇಡಿ ಎಂದು ಕ್ಲಬ್ಬು ಪತ್ರ ಬರೆದಿತ್ತು. ಅದೇ ಜುಲೈನಲ್ಲಿ ಕ್ಲಬ್ಬಿನ ತಾಲೀಮಿಗೆ ಮಾತ್ರ ಅವನು ಬರಲೇಬೇಕಂತೆ.

ಮನೆಯ ಪರವಾಗಿ ಕೂತಿದ್ದ ದೊಡ್ಡಪ್ಪ ಸವೆನಾಕಾ ಈ ವರ್ಷ ಎಷ್ಟು ಪಂದ್ಯ ಆಡಿದೆ ಎಂದು ಕೇಳಿದ. ಮೂವತ್ತೈದು ಎಂದ ಸೆಕೋವೆ, ಅದೇನು ದೊಡ್ಡದು ಎನ್ನುವ ಹಾಗೆ. ಹಿರಿಯರ ಮುಂದೆ ಕಾಲು ಚಾಚುವಂತಿಲ್ಲವಾದ್ದರಿಂದ ಒಂದು ಗಂಟೆಯಿಂದ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಹಣೆಯಲ್ಲಿ ಬೆವರು. ದೊಡ್ಡಪ್ಪ ನೀರು ತರಲು ಹೇಳಿದಾಗ ಅಂಗೈಯೂರಿ ಏಳಲು ಹೋದ, ಆಗಲಿಲ್ಲ. ಎರಡನೇ ಸಲ ಕಂಬ ಹಿಡಿದು ಎದ್ದು, ಸೆಕೆ ಎಂದು ನಕ್ಕ.

ಅವನು ನೀರು ತಂದಿಟ್ಟು ಕೂತ ಮೇಲೆ ಅಪೇನಿಸಾ ಮಾತು ಶುರುಮಾಡಿದ. ಮನೆತನವನ್ನು, ಹಿರೀಕರನ್ನು ಪದ್ಧತಿಯಂತೆ ಹೊಗಳಿದ. ದೊಡ್ಡಪ್ಪನ ಕೈ ಆಗಲೇ ಅರ್ಧ ಮುಂದೆ ಬಂದಿತ್ತು. ಅಪೇನಿಸಾ ಹಲ್ಲನ್ನು ತನ್ನ ಕೈಯಲ್ಲೇ ಉಳಿಸಿಕೊಂಡ.

"ಈ ಹಲ್ಲು ಹಿಡ್ಕೊಂಡು ನಾನು ಕೇಳೋದು ಇಷ್ಟೇ. ಸೆಕೋವೆ ಮೂರು ತಿಂಗಳು ಚೆಂಡು ಮುಟ್ಟಬಾರದು. ನನಗೂ ಬೇಡ, ಆ ಫ್ರಾನ್ಸಿನವ್ರಿಗೂ ಬೇಡ."

ಇಂಥ ಹೊತ್ತಲ್ಲಿ ಕಿರಿಯರು ಬಾಯಿಬಿಡುವುದಿಲ್ಲ. ಸೆಕೋವೆ ಬಾಯಿಬಿಟ್ಟ. "ಕೋಚ್, ಜುಲೈ ತಪ್ಪಿದ್ರೆ ಈ ವರ್ಷ ನಾನು ತಂಡದಲ್ಲೇ ಇಲ್ಲ. ರೂಲ್ಸ್ ನಿಮ್ಮವ್ರದ್ದೇ. ಮಂಡಿ ನೋವು ಆಡ್ತಾ ಆಡ್ತಾ ಹೋಗತ್ತೆ."

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದ ಅಪೇನಿಸಾ.

ಇವನಿಲ್ಲದೆ ಜುಲೈನಲ್ಲಿ ಟೋಂಗಾದವರನ್ನು ಸೋಲಿಸುತ್ತೀಯಾ ಎಂದು ದೊಡ್ಡಪ್ಪ ಕೇಳಿದ. ಕಷ್ಟ, ಸೋತರೆ ಮಂಡಳಿಯವರು ನನ್ನನ್ನೂ ಮನೆಗೆ ಕಳಿಸುತ್ತಾರೆ ಎಂದು ಅಪೇನಿಸಾ ಹವಾಮಾನ ಹೇಳುವಷ್ಟು ಸಲೀಸಾಗಿ ಹೇಳಿದ. ಗೆಲ್ಲಲು ಆಟಗಾರರನ್ನು ಹಿಂಡುವ ಕೋಚುಗಳು ಬೇಕಾದಷ್ಟಿದ್ದಾರೆ. ಕೈಗೆ ಬಂದವನನ್ನು ಹೀಗೆ ಬಿಟ್ಟುಕೊಟ್ಟವನನ್ನು ಆ ಊರು ಕಂಡಿರಲಿಲ್ಲ.

ದೊಡ್ಡಪ್ಪ ನಯವಾಗಿ ನಾಲ್ಕು ಮಾತಾಡಿ ಹಲ್ಲನ್ನು ಮುಟ್ಟದೇ ಇರಬಹುದಿತ್ತು. ಸುವಾಕ್ಕೆ ಹೋಗಲು ಊರವರೆಲ್ಲ ಬಸ್ಸು ಗೊತ್ತುಮಾಡಿ ಆಗಿತ್ತು, ಮುಂದಿನ ಸೀಟು ದೊಡ್ಡಪ್ಪನದೇ. ಕೊನೆಗೆ ಕೈಚಾಚಿ ಹಲ್ಲನ್ನು ತೆಗೆದುಕೊಂಡು ಮೂಗಿಗೊತ್ತಿಕೊಂಡ. ಎಲ್ಲರೂ ಅಂಗೈ ಗುಳಿ ಮಾಡಿ ಚಪ್ಪಾಳೆ ತಟ್ಟಿದರು. ಸೆಕೋವೆಯ ಕೈಗಳು ಎಲ್ಲಕ್ಕಿಂತ ತಡವಾಗಿ ಕೂಡಿದವು.

"ಇನ್ನು ಕಾಲು ಚಾಚಪ್ಪಾ," ಎಂದ ದೊಡ್ಡಪ್ಪ. ಸೆಕೋವೆ ಒಲ್ಲೆನೆಂದು ತಲೆಯಾಡಿಸಿದ. ಅತಿಥಿಯ ಮುಂದೆ ಹೇಗೆ ಚಾಚುವುದು.

ಆಗ ಅಪೇನಿಸಾ ತನ್ನ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿರಿಯನೆದುರಿಗೇ ಚಾಚಿದ. ಒಂದು ಗಂಟೆ ಮಡಚಿದ್ದ ಅದು ನೆಟ್ಟಗಾಗಲು ಬಹಳ ಹೊತ್ತು ಹಿಡಿಯಿತು. ಮಂಡಿಯ ಮೇಲೆ, ಒಂದರ ಪಕ್ಕ ಒಂದು, ನಾಲ್ಕು ಹಳೆಯ ಆಪರೇಷನ್ನಿನ ಹೊಲಿಗೆ ಗುರುತುಗಳು. ಸೆಕೋವೆ ಅವನ್ನೇ ನೋಡುತ್ತಾ ತನ್ನ ಕಾಲನ್ನೂ ಮೆಲ್ಲಗೆ ಅದರ ಪಕ್ಕಕ್ಕೆ ಚಾಚಿದ.