ಮೊದಲು ಏಳುವವರು

"ಸ್ಟೂಲ ಅಳ್ಳಾಡಾಕತ್ತದ, ಯಾರರ ಹಿಡೀರಿ!"

ಮೈನುದ್ದೀನ ಗೋಡೆಗೆ ಮುಖ ಮಾಡಿಕೊಂಡೇ ಕೂಗಿದ. ಯಾರೋ ಬಂದು ಹಿಡಿದರು. ಮೊಳೆ ಕಿತ್ತು ಕೆಳಗಿಳಿದು ನೋಡಿದರೆ ಸಂಸದ ಅಂಬ್ರಪ್ಪನವರು. ಆ ಮೊಳೆಗೆ ತೂಗುಹಾಕಿದ್ದ ಅವರದೇ ಫೋಟೊ ಆಗಲೇ ಭಜಿ ಬುಟ್ಟಿಗೆ ಒರಗಿತ್ತು.

"ಸಾಹೇಬ್ರ, ನೀವಾ? ಕುಂದರ್ರಿ."

ಗೋಗಿ ಊರಿನ ಅವನ ಚಹಾದಂಗಡಿಯಲ್ಲಿ ಕೂತಿದ್ದ ಇಬ್ಬರು ಕಪ್ಪು ಅರ್ಧಕ್ಕೇ ಬಿಟ್ಟು ಎದ್ದುಹೋದರು. ಬೈದಿದ್ದರೂ ಚೆನ್ನಾಗಿತ್ತು ಎನಿಸಿತು ಅಂಬ್ರಪ್ಪನವರಿಗೆ.

"ಮಂದಿ ಟಿವಿ ನೋಡ್ಯಾರೇನು?"

"ಇಲ್ಲೇ ಕುಂತು ನೋಡ್ಯಾರ್ರಿ. ಓಣಿ ಓಣಿ ತಿರುಗಿ ನಾನ ಕರದಿದ್ದೆ. ಊರ ಒಪ್ಪಿಗಿ ಇಲ್ದ ಹೊಲ ತಗೊಳ್ಳೋ ಕಾನೂನು ತಂದಾರ, ನಮ್ಮ ಸಾಹೇಬ್ರು ಎದ್ದು ಬ್ಯಾಡಂತಾರ, ಅವರ ಬೆನ್ನಿಗಿ ಹದಿನೈದು ಮಂದಿ ಏಳ್ತಾರ, ಅಲ್ಲಿಗಿ ಅದು ಬಿತ್ತು ಅಂದಿದ್ದೆ. ವಿರೋಧ ಇದ್ದೋರು ಯಾರು ಅಂತ ಸ್ಪೀಕರ್ ಕೇಳಿದಾಗ ಟಿವ್ಯಾಗ ನಿಮ್ಮನ್ನ ತೋರಿಸಿದ್ರು. ಎರಡೆಕರೆ ಬಿಟ್ರ ಏನಿಲ್ದ ಸುಂದ್ರಮ್ಮ, 'ಈಗ ಏಳ್ತಾನ ನೋಡ್ರಿ, ಈಗ ಏಳ್ತಾನ' ಅಂತ ತಾನ ಎದ್ದು ನಿಂತ್ಲು. ನೀವು ಚಸ್ಮಾ ಒರಸಾಕತ್ತಿದ್ರಿ."

ಅಂಬ್ರಪ್ಪನವರ ಕಿವಿ ಬಿಸಿಯಾದವು. ಪಕ್ಷದೊಳಗೆ ತಮ್ಮನ್ನು ತಾವು ಮಧ್ಯಮ ಬಣ ಎಂದು ಕರೆದುಕೊಳ್ಳುವ ಹದಿನಾರು ಸಂಸದರು, ಮಸೂದೆ ಸದನಕ್ಕೆ ಬರುವ ಹಿಂದಿನ ದಿನ, ದಿಲ್ಲಿಯ ಅವರ ಮನೆಯಲ್ಲೇ ಕೂಡಿದ್ದರು. ನಮ್ಮ ಸರ್ಕಾರದ್ದಾದರೇನು, ತಪ್ಪು ತಪ್ಪೇ ಎಂದು ಒಬ್ಬೊಬ್ಬರೂ ಮಾತು ಕೊಟ್ಟಿದ್ದರು. ಊಟ ಚೆನ್ನಾಗಿತ್ತು. ಮೊದಲು ಏಳುವವರು ಯಾರು ಎಂಬುದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಸದನದಲ್ಲಿ ಆ ಗಳಿಗೆ ಬಂದಾಗ ಹದಿನಾರು ಮಂದಿಯೂ ಒಬ್ಬರ ಮೊಣಕಾಲು ಒಬ್ಬರು ನೋಡುತ್ತ ಕೂತರು. ಮಸೂದೆ ಪಾಸಾಯಿತು.

"ಹಿರೇರು ಮೊದಲ ಏಳಲಿ ಅಂತ ಎಲ್ಲಾರೂ ಕಾದ್ರು, ಮೈನುದ್ದೀನ."

"ನಿಮ್ಮೊಳಗ ಹಿರೇರು ಯಾರ್ರಿ?"

ಅಂಬ್ರಪ್ಪನವರು ಮೈನುದ್ದೀನ ತಂದಿಟ್ಟಿದ್ದ ಚಹಾದ ಮೇಲೆ ಕಟ್ಟಿದ ಕೆನೆಯನ್ನು ಬೆರಳಿಂದ ಸರಿಸಿದರು. ಆ ಹದಿನಾರು ಮಂದಿಯಲ್ಲಿ ಅವರೇ ಹಿರಿಯರು.

"ಸಂಜಿಕಿ ಮಂದಿನ್ನ ಕೂಡಸು," ಎಂದರು ಕೊನೆಗೆ. "ನೀ ಕರದ್ರ ಬರ್ತಾರ. ಎಲ್ಲಾರ ಮುಂದ ಕೈ ಮುಗದು ಮಾಫಿ ಕೇಳ್ತೀನಿ."

ಮೈನುದ್ದೀನ ಎದ್ದುಹೋದವರ ಕಪ್ಪುಗಳನ್ನು ಎತ್ತಿ, ಅವರು ಕೂತಿದ್ದ ಮೇಜು ಒರೆಸಿದ.

"ಇಲ್ರಿ ಸಾಹೇಬ್ರ. ನಾ ಯಾರನ್ನೂ ಕರಿಯಂಗಿಲ್ಲ."