ಎಡಗಡೆಯ ಎತ್ತು

ಇಜಿದೋರ್ ರುಜೋ ಎಂಬ ಎತ್ತಿನ ಕೊರಳಿಗೆ ಹಗ್ಗ ಹಾಕುವುದಕ್ಕೂ ನದಿಯಲ್ಲಿ ಗಂಟೆ ಬಡಿಯುವುದಕ್ಕೂ ಸರಿಹೋಯಿತು. ಎತ್ತಿನ ಒಡೆಯ ಒನೆಜಿಮ್ ತಿರುಗಿ ನೋಡಿದ. ಮಾಂಟ್ರಿಯಲ್ ಬಂದರು ಇನ್ನೇನು ಕೂಗಳತೆಯಲ್ಲಿದೆ ಅನ್ನುವಾಗ, ಸಂತ ಮರಿಯಮ್ಮನ ಸೆಳವು ಎಂದು ಕರೆಯುವ ರಭಸದ ಹರಿವಿನ ನಟ್ಟನಡುವೆ ಹಬೆ ಹಡಗು ನಿಂತುಬಿಟ್ಟಿತ್ತು. ಚಕ್ರಗಳು ತಿರುಗುತ್ತಿದ್ದವು, ಹೊಗೆ ಏಳುತ್ತಿತ್ತು, ಹಡಗು ಮಾತ್ರ ಇದ್ದಲ್ಲೇ ಇತ್ತು.

"ಏನಂತೆ ಅದಕ್ಕೆ?" ಎಂದ ಇಜಿದೋರ್. ಅವನು ಕಟುಕ, ಒನೆಜಿಮ್‌ನ ಹೆಂಡತಿಯ ತಮ್ಮ.

"ಎತ್ತುಗಳನ್ನ ಕರೀತಿದೆ."

ಹೇಳಿದವನಿಗೇ ನಂಬಿಕೆಯಾಗಲಿಲ್ಲ. ಇಪ್ಪತ್ತು ವರ್ಷ ಹಾಯಿಹಡಗುಗಳು ಇದೇ ಜಾಗದಲ್ಲಿ ನಿಂತು ಹೀಗೇ ಗಂಟೆ ಬಾರಿಸಿದ್ದವು. ದಡದ ಮೇಲೆ ಆರು ಜೋಡಿ ಎತ್ತು ಕಟ್ಟಿ ಅವನ್ನು ಬಂದರಿಗೆ ಎಳೆಯುತ್ತಿದ್ದರು. ಎಲ್ಲಕ್ಕಿಂತ ಮುಂದಿನ ಜೋಡಿ ಒನೆಜಿಮ್‌ನದು: ಎಡಕ್ಕೆ ಮಾರ್ಕಿ, ಬಲಕ್ಕೆ ರುಜೋ. ಹೋದ ವಾರ ಈ ಹಬೆ ಹಡಗು ಹಾಯಿಯಿಲ್ಲದೆ, ಗಾಳಿಯಿಲ್ಲದೆ ಕ್ವಿಬೆಕ್ ಕಡೆಗೆ ಹಾರಿದಂತೆ ಹೋದದ್ದನ್ನು ನೋಡಿ, ಇನ್ನು ಎತ್ತಿಗೇನು ಕೆಲಸ ಎಂದುಕೊಂಡು ಮರುದಿನವೇ ಮಾರ್ಕಿಯನ್ನು ಇಜಿದೋರನ ಕೈಗೆ ಕೊಟ್ಟಿದ್ದ. ಇವತ್ತು ರುಜೋನ ಸರದಿ.

"ಭಾವ, ಅವತ್ತು ಅದು ಹೋಗಿದ್ದು ನೀರಿನ ಜತೆ ಅಲ್ವಾ?"

"ಹೂಂ."

"ಇಳಿಯೋ ನೀರಲ್ಲಿ ಮರದ ದಿಮ್ಮಿನೂ ಓಡುತ್ತೆ. ಹೊಳೆದಂಡೇಲೇ ತಲೆ ನೆರೆಸ್ಕೊಂಡೋನು, ಇಷ್ಟು ತಿಳೀಲಿಲ್ವಾ ನಿಂಗೆ?"

"ಕಡಿಯೋಕೆ ಮುಂಚೆ ನೀನ್ಯಾಕೋ ಹೇಳ್ಲಿಲ್ಲ?"

"ಆ ಹೊಗೆ ನೋಡಿ ನಂಗೂ ತಲೆ ಕೆಟ್ಟಿತ್ತು."

ಅಷ್ಟರಲ್ಲಿ ಐದು ಜೋಡಿಗಳು ದಡಕ್ಕೆ ಬಂದು ನಿಂತಿದ್ದವು. ಮುಂದಿನ ಜೋಡಿ ಹೆಜ್ಜೆ ಎತ್ತದೆ ಅವು ಕದಲುವುದಿಲ್ಲ. ಒನೆಜಿಮ್ ಇಜಿದೋರನ ಹಗ್ಗ ಬಿಚ್ಚಿ ಎಸೆದ. ರುಜೋನನ್ನು ನೊಗದ ಬಲಕ್ಕೆ ಕಟ್ಟಿದ. ಎಡಗಡೆ ಖಾಲಿ ನೊಗ ನೆಲಕ್ಕೆ ಜೋಲುತ್ತಿತ್ತು. ಒಂದು ಗಳಿಗೆ ಅದನ್ನೇ ನೋಡಿ, ಬಗ್ಗಿ, ತನ್ನ ಹೆಗಲು ಕೊಟ್ಟ. ಯಾರೋ ನಕ್ಕರು. ರುಜೋ ಕತ್ತು ತಿರುಗಿಸಿ ಅವನನ್ನು ಮೂಸಿತು, ಏನೂ ಅರ್ಥವಾಗದಂತೆ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ನಡೆಯಿತು.

ಹಡಗು ಗೇಣುಗೇಣಾಗಿ ಸೆಳವು ಹತ್ತಿ ಬಂತು.

ಬಂದರಿನಲ್ಲಿ ಕಪ್ತಾನ ಕೆಳಗಿಳಿದು ಬಂದ. "ಚೆನ್ನಾಗಿ ಎಳೆದ್ರಿ. ಬರೋ ವರ್ಷ ದೊಡ್ಡ ಯಂತ್ರ ಕೂರಿಸ್ತಾರೆ, ನಿಮಗೆ ಈ ಕಷ್ಟ ಇರಲ್ಲ."

"ಅದು ಸೆಳವು ಹತ್ತುತ್ತಾ ಸ್ವಾಮಿ?"

ಕಪ್ತಾನ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹತ್ತುತ್ತೆ ಅಂತಾರೆ. ಇದೂ ಹತ್ತುತ್ತೆ ಅಂದಿದ್ರು."

ಒನೆಜಿಮ್ ಎಸೆದಿದ್ದ ಹಗ್ಗವನ್ನು ಸುತ್ತಿಕೊಂಡು ಇಜಿದೋರ್ ಹಿಂದೆಯೇ ಬಂದಿದ್ದ. "ಈಗ ನಾನೇನ್ಮಾಡ್ಲಿ ಭಾವ? ಇದನ್ನ ಕರ್ಕೊಂಡು ಹೋಗ್ಲಾ, ಬಿಡ್ಲಾ?"

ಒನೆಜಿಮ್ ಹಡಗನ್ನು ನೋಡಿದ, ಹಗ್ಗವನ್ನು ನೋಡಿದ. ಆಮೇಲೆ ನೊಗ ಕಳಚಿದ. ರುಜೋ ಯಾರನ್ನೂ ಕಾಯದೆ ಮನೆಯ ದಾರಿ ಹಿಡಿಯಿತು. ಅಗಲವಾದ ದಾರಿಯ ಬಲ ಅಂಚಿಗೆ ಒತ್ತಿಕೊಂಡು, ಎಡಗಡೆ ಒಂದು ಎತ್ತಿನಷ್ಟು ಜಾಗ ಬಿಟ್ಟು ನಡೆಯುತ್ತಿತ್ತು.