ಕೊನೆಯ ವಾರದ ಸಾರು

ಪ್ರವಾಸಿಗರಿಗೆ ಇಟಲಿಯ ಸಿಸಿಲಿ ದ್ವೀಪ ಸುತ್ತಿಸುವ ಹಾಯಿದೋಣಿಯಲ್ಲಿ ಅಂಕೋಲೆಯವನೊಬ್ಬ ಅಡುಗೆಯವನಾಗಿದ್ದ. ಐದು ತಿಂಗಳಿಂದ ವಾರಕ್ಕೊಂದು ತಂಡಕ್ಕೆ ಬೇಯಿಸಿ ಬೇಯಿಸಿ ಹೈರಾಣಾಗಿದ್ದ. ಈಗಿನ ಮೈಸೂರಿನ ಕುಟುಂಬವೇ ಈ ವರ್ಷದ ಕೊನೆಯ ತಂಡ. ಶನಿವಾರ ಅವರು ಇಳಿದರೆ ಅವನಿಗೆ ರಜೆ. ಊರಲ್ಲಿ ಹುಟ್ಟಿದ ಮಗಳ ಮುಖವನ್ನು ಅವನಿನ್ನೂ ನೋಡಿರಲಿಲ್ಲ.

"ಕನ್ನಡ ಬರ್ತದೆ ಅಂತ ಬಾಯಿ ಬಿಡ್ಬೇಡ ಮಾರಾಯ. ಆಮೇಲೆ ಅವ್ರು ನಿನ್ನ ಬಿಡೂದಿಲ್ಲ," ಎಂದಿದ್ದ ದೋಣಿ ನಡೆಸುವ ಕಾರವಾರದ ಗೆಳೆಯ.

ಗುರುವಾರದವರೆಗೂ ಅವನು ತುಟಿ ಪಿಟಕ್ಕೆನ್ನದೆ ಪಾಸ್ತಾ, ಬ್ರೆಡ್ಡು ಬಡಿಸಿದ. ಶುಕ್ರವಾರ ಮಧ್ಯಾಹ್ನ ಆ ಕುಟುಂಬದ ಅಜ್ಜಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮಗನ ಹೆಗಲಿಗೆ ಒರಗಿದರು.

"ಸಮುದ್ರ ಏನೋ ಚೆನ್ನಾಗೇ ಇದೆ ಕಣೋ. ಒಂದು ತುತ್ತು ಅನ್ನ ಸಾರು ಇದ್ದಿದ್ರೆ..."

ಅಡುಗೆಯವನಿಗೆ ತಡೆಯಲಾಗಲಿಲ್ಲ. ಡಬ್ಬಿಯ ತಳದಲ್ಲಿದ್ದ ಊರಿನ ಸಾರಿನಪುಡಿ ಕೆರೆದು ಹಾಕಿ ಸಾರು ಕುದಿಸಿ, ಅನ್ನದ ಮೇಲೆ ಬಡಿಸಿದ.

"ಬಿಸಿ ಅದೆ ಅಮ್ಮಾ, ನಿಧಾನಕ್ಕೆ ಉಣ್ಣಿ."

"ಅಯ್ಯೋ, ನಮ್ಮವನೇನೋ ನೀನು! ಇಷ್ಟು ದಿನ ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ?" ಎನ್ನುತ್ತಾ ಅಜ್ಜಿ ಮೂರು ಸಲ ಬಡಿಸಿಕೊಂಡರು.

ಶನಿವಾರ ಬೆಳಗ್ಗೆ ಅವನು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಗ ಅಜ್ಜಿಯ ಮಗ ನಗುನಗುತ್ತಾ ಬಂದು ಬೆನ್ನು ತಟ್ಟಿದ.

"ಅಮ್ಮನ ಊಟದ ಚಿಂತೆಗೇ ಇವತ್ತು ಹೊರಡೋಣ ಅಂತಿದ್ವಿ ಕಣಪ್ಪಾ. ಈಗ ನೀನಿದೀಯಲ್ಲ, ಇನ್ನೆರಡು ವಾರಕ್ಕೆ ದೋಣಿ ಬಾಡಿಗೆಗೆ ತಗೊಂಡ್ಬಿಟ್ವಿ!"